ಲೈಬ್ರರಿಯಲ್ಲೊಂದು ಕಾನೂನು ಮೇಜು: ಕೋರ್ಟ್ ಕಾಗದ ಹಿಡಿದು ಬಂದವರಿಗೆ ಉಚಿತ ನೆರವು ಕೊಡಿಸುವುದು ಹೇಗೆ

ಒಂದು ಮಧ್ಯಾಹ್ನ ನಮ್ಮ ಪಂಚಾಯಿತಿ ಲೈಬ್ರರಿಗೆ ಅರವತ್ತು ದಾಟಿದ ಒಬ್ಬರು ಬಂದರು. ದಿನಾ ಪೇಪರ್ ಓದಲು ಬರುವವರಲ್ಲ. ಕೈಯಲ್ಲಿ ಗೊಬ್ಬರದಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ರೇಷನ್ ಕಾರ್ಡು, ಎರಡು ಪಹಣಿ, ಕರೆಂಟ್ ಬಿಲ್ಲು. ಅವುಗಳ ನಡುವೆ ನಾಲ್ಕು ಮಡಿಕೆಯ ಒಂದು ಕಾಗದ. "ಇದೇನಂತ ಒಂದಿಷ್ಟು ನೋಡಿ ಹೇಳಪ್ಪ" ಎಂದರು. ನೋಡಿದರೆ ಸಿವಿಲ್ ಕೋರ್ಟಿನ ಸಮನ್ಸ್. ಅಣ್ಣನ ಮಕ್ಕಳು ಹಾಕಿದ ಭಾಗದ ಕೇಸು. ಹಾಜರಾಗಬೇಕಿದ್ದ ತಾರೀಕು ಹನ್ನೊಂದು ದಿನದ ಹಿಂದೆಯೇ ಕಳೆದುಹೋಗಿತ್ತು.

ಅವರಿಗೆ ಓದಲು ಬರುತ್ತಿರಲಿಲ್ಲ ಅಂತಲ್ಲ. ಕೋರ್ಟಿನದು ಎಂದು ಗೊತ್ತಾಗಿತ್ತು. "ವಕೀಲರ ಹತ್ತಿರ ಹೋದರೆ ಮೊದಲು ದುಡ್ಡು ಇಡು ಅಂತಾರೆ, ಅದಕ್ಕೆ ಸುಮ್ನೆ ಇದ್ದೆ" ಎಂದರು. ಅವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ.

ಆಮೇಲೆ ನಾವು ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಕಾನೂನು ಮೇಜು ಹಾಕಲು ಶುರು ಮಾಡಿದೆವು. ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಲೈಬ್ರರಿ ಮೇಲ್ವಿಚಾರಕರು, ಪಂಚಾಯಿತಿ ಸದಸ್ಯರು, ಊರಿನ ಯುವಕ ಸಂಘದವರು, ಯಾರು ಬೇಕಾದರೂ ಇದನ್ನು ಶುರು ಮಾಡಬಹುದು. ಕಾನೂನು ಓದಿರಬೇಕಾಗಿಲ್ಲ. ಕಾನೂನು ಹೇಳುವುದು ವಕೀಲರ ಕೆಲಸ. ಕಾಗದ ಸರಿಯಾಗಿ ಜೋಡಿಸಿ, ತಾರೀಕು ತಪ್ಪದ ಹಾಗೆ ಆ ಮನುಷ್ಯನನ್ನು ವಕೀಲರ ಎದುರು ಕೂರಿಸುವುದಷ್ಟೇ ಲೈಬ್ರರಿಯ ಕೆಲಸ.

ಮೊದಲು ತಿಳಿದಿರಬೇಕಾದದ್ದು: ಉಚಿತ ವಕೀಲರು ಯಾರಿಗೆ ಸಿಗುತ್ತಾರೆ

ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂದು ಹೇಳುವ 39ಎ ವಿಧಿ 1976ರಲ್ಲಿ ಸಂವಿಧಾನಕ್ಕೆ ಸೇರಿತು. ಅದಕ್ಕೆ ಕೈಕಾಲು ಕೊಟ್ಟದ್ದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ದೆಹಲಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಬೆಂಗಳೂರಿನ ನ್ಯಾಯ ದೇಗುಲದಲ್ಲಿ ರಾಜ್ಯ ಪ್ರಾಧಿಕಾರ, ಪ್ರತಿ ಜಿಲ್ಲೆಗೆ ಒಂದು ಪ್ರಾಧಿಕಾರ, ತಾಲ್ಲೂಕಿಗೆ ಒಂದು ಸಮಿತಿ ಇದೆ. ನಿಮಗೆ ದಿನನಿತ್ಯ ಬೇಕಾಗುವುದು ಕೊನೆಯದು, ತಾಲ್ಲೂಕು ಕಾನೂನು ಸೇವಾ ಸಮಿತಿ.

ಜಾಸ್ತಿ ಜನ ತಪ್ಪು ತಿಳಿದಿರುವುದು ಆದಾಯದ ವಿಷಯದಲ್ಲಿ. "ಬಿಪಿಎಲ್ ಕಾರ್ಡ್ ಇದ್ದರೆ ಮಾತ್ರ" ಎಂದುಕೊಂಡಿದ್ದಾರೆ. ಹಾಗಿಲ್ಲ. ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿ ಇರುವವರು, ಮಾನವ ಸಾಗಣೆ ಅಥವಾ ಜೀತಕ್ಕೆ ಸಿಕ್ಕವರು, ಪ್ರವಾಹ, ಬರ, ಜಾತಿ ದೌರ್ಜನ್ಯದಂಥದ್ದರಲ್ಲಿ ನೊಂದವರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಹೆಣ್ಣುಮಗಳು ಕಾರಿನಲ್ಲಿ ಬಂದರೂ ಅರ್ಹಳೇ. ಉಳಿದವರಿಗೆ ಮಾತ್ರ ಆದಾಯ ನೋಡುತ್ತಾರೆ. ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ. ಒಂದೆರಡು ಎಕರೆ ಮಳೆ ನಂಬಿದ ಬೇಸಾಯದವರು, ಕೂಲಿಯವರು, ಚಿಕ್ಕ ಅಂಗಡಿಯವರು ಬಹುಪಾಲು ಇದರೊಳಗೇ ಬರುತ್ತಾರೆ.

ಸಿಗುವುದು ಬರೀ ವಕೀಲರಲ್ಲ. ಕೋರ್ಟ್ ಶುಲ್ಕ, ಸಮನ್ಸ್ ಕಳಿಸುವ ಶುಲ್ಕ, ತೀರ್ಪು ಮತ್ತು ದಾಖಲೆಗಳ ನಕಲು ಪಡೆಯುವ ಖರ್ಚು, ಇವೂ ಸೇರುತ್ತವೆ. ಸಮಿತಿ ನೇಮಿಸಿದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಹಿಂದೆ ಗೋಡೆಗೆ ಅಂಟಿಸಿ.

ಸಮಿತಿಯವರನ್ನು ಕಂಡು ಬನ್ನಿ

ತಾಲ್ಲೂಕು ಸಮಿತಿಯ ಆಫೀಸು ಕೋರ್ಟಿನ ಆವರಣದಲ್ಲೇ ಇರುತ್ತದೆ. ಅಲ್ಲಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಬೆಳಿಗ್ಗೆ ಕಲಾಪ ಶುರುವಾಗುವ ಹೊತ್ತಿಗೆ ಹೋಗಬೇಡಿ, ಮಾತಿಗೆ ಯಾರೂ ಸಿಗುವುದಿಲ್ಲ. ಸಂಜೆ ನಾಲ್ಕರ ಮೇಲೆ ಹೋಗಿ. ಹೋಗುವ ಮೊದಲು ಪಿಡಿಒ ಅವರ ಜೊತೆ ಮಾತಾಡಿ, ಪಂಚಾಯಿತಿಯಲ್ಲಿ ಒಂದು ಠರಾವು ಮಾಡಿಸಿಕೊಳ್ಳಿ. 2019ರಿಂದ ಗ್ರಾಮ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಯಲ್ಲಿವೆ. ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರು. ಪಂಚಾಯಿತಿ ಒಪ್ಪಿದರೆ ಉಳಿದದ್ದು ಸಲೀಸು. ಪಟ್ಟಣದ ಲೈಬ್ರರಿಯಾದರೆ ಗ್ರಂಥಾಲಯ ಇಲಾಖೆಯ ಅನುಮತಿ ಬೇಕು.

ನೀವು ಹೊಸ ಯೋಜನೆ ಬೇಡಲು ಹೋಗುತ್ತಿಲ್ಲ ಎಂಬುದು ನೆನಪಿರಲಿ. ಹಳ್ಳಿಗಳಲ್ಲಿ ಕಾನೂನು ನೆರವು ಕೇಂದ್ರ ನಡೆಸಬೇಕು ಎಂದು ರಾಷ್ಟ್ರೀಯ ಪ್ರಾಧಿಕಾರ 2011ರಲ್ಲೇ ನಿಯಮ ಮಾಡಿದೆ. ಸಮಿತಿಗಳಿಗೆ ಬೇಕಾದದ್ದು ಜಾಗ, ಜೊತೆಗೆ ಬಾಗಿಲು ತೆಗೆದು ಕೂರುವ ಒಬ್ಬರು. ನೀವು ಅದನ್ನು ಕೊಡುತ್ತೀರಿ. ನಮ್ಮ ಪತ್ರ ಹೀಗಿತ್ತು:

"ನಮ್ಮ ಅರಿವು ಕೇಂದ್ರದಲ್ಲಿ ಪ್ರತಿ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ 10ರಿಂದ 1ರವರೆಗೆ ಉಚಿತ ಕಾನೂನು ನೆರವು ನೀಡಲು ಒಬ್ಬರು ಪ್ಯಾನೆಲ್ ವಕೀಲರನ್ನೂ ಒಬ್ಬರು ಅರೆ ಕಾನೂನು ಸ್ವಯಂಸೇವಕರನ್ನೂ ನಿಯೋಜಿಸಬೇಕೆಂದು ಕೋರುತ್ತೇವೆ. ಮೇಜು, ಕುರ್ಚಿ, ಕಂಪ್ಯೂಟರ್, ಪ್ರಿಂಟರ್ ಮತ್ತು ಪ್ರತ್ಯೇಕ ಮೂಲೆಯನ್ನು ನಾವು ಒದಗಿಸುತ್ತೇವೆ. ಬರುವವರ ಹೆಸರನ್ನು ಮುಂಚೆಯೇ ಬರೆದುಕೊಂಡು, ಕಾಗದಪತ್ರ ಜೋಡಿಸಿಟ್ಟಿರುತ್ತೇವೆ. ಪಂಚಾಯಿತಿಯ ಠರಾವಿನ ಪ್ರತಿ ಲಗತ್ತಿಸಿದೆ."

ಪ್ಯಾನೆಲ್ ವಕೀಲರು ಎಂದರೆ ಸಮಿತಿಯ ಪಟ್ಟಿಯಲ್ಲಿರುವ ವಕೀಲರು. ಅರೆ ಕಾನೂನು ಸ್ವಯಂಸೇವಕರು ಎಂದರೆ ಜನರಿಗೆ ನೆರವಾಗಲು ತರಬೇತಿ ಪಡೆದವರು, ವಕೀಲರಲ್ಲ. ಪತ್ರದ ಕೊನೆಯ ಎರಡು ವಾಕ್ಯಕ್ಕೇ ಕೆಲಸ ಆಗುವುದು. ಎರಡನೇ ಶನಿವಾರ ಏಕೆಂದರೆ ಅಂದು ಕೋರ್ಟಿಗೆ ರಜೆ, ವಕೀಲರು ಬಿಡುವಾಗಿರುತ್ತಾರೆ. ನಿಮ್ಮ ಲೈಬ್ರರಿಗೆ ಅಂದು ರಜೆಯಾದರೆ ಭಾನುವಾರ ಇಟ್ಟುಕೊಳ್ಳಿ. ದಿನ ಯಾವುದಾದರೂ ಆಗಲಿ, ಬದಲಿಸಬೇಡಿ. ಸಂತೆಯ ಹಾಗೆ ಜನರ ಬಾಯಲ್ಲಿ ಆ ದಿನ ಕೂರಬೇಕು.

ಪತ್ರಕ್ಕೆ ಉತ್ತರ ಬರದಿದ್ದರೆ ಮೂರು ವಾರ ಬಿಟ್ಟು ಮತ್ತೆ ಹೋಗಿ. ಆಗಲೂ ಆಗದಿದ್ದರೆ ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆಯಿರಿ. ನಾವು ಮೂರು ಸಲ ಹೋಗಬೇಕಾಯಿತು.

ಮೂಲೆ ಹೇಗಿರಬೇಕು

ಹೆಚ್ಚಿನ ಅರಿವು ಕೇಂದ್ರಗಳಲ್ಲಿ ಇರುವುದು ಒಂದೇ ಹಾಲು. ಅದರಲ್ಲೇ ಗುಟ್ಟಿಗೆ ಜಾಗ ಮಾಡಬೇಕು. ಪುಸ್ತಕದ ಎರಡು ಬೀರುಗಳನ್ನು ಅಡ್ಡ ತಿರುಗಿಸಿದರೆ ಒಂದು ಗೋಡೆಯಾಯಿತು. ವಕೀಲರ ಕುರ್ಚಿ ಬಾಗಿಲ ಕಡೆಗೆ ಮುಖ ಮಾಡಿರಲಿ, ಬಂದವರದು ಬಾಗಿಲಿಗೆ ಬೆನ್ನು ಮಾಡಿರಲಿ. ಯಾರು ಕೂತಿದ್ದಾರೆ ಎಂದು ಹೊರಗಿನವರಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಫ್ಯಾನ್ ಹಾಕಿ. ಗಾಳಿಗಿಂತ ಅದರ ಸದ್ದು ಉಪಯೋಗಕ್ಕೆ ಬರುತ್ತದೆ.

ಕುರ್ಚಿ ಎದುರಿಗೆ ಒಂದೇ ಇರಲಿ ಎಂದು ನಾನು ಹೇಳುತ್ತೇನೆ. ಎರಡಿದ್ದರೆ ಜೊತೆಗೆ ಬಂದವರು ಕೂತುಬಿಡುತ್ತಾರೆ. ಮೊದಲ ತಿಂಗಳು ಒಬ್ಬ ಹೆಣ್ಣುಮಗಳು ಗಂಡನ ಅಣ್ಣನ ಜೊತೆ ಬಂದಿದ್ದಳು. ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದು ಆತನೇ. ಆಕೆ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ನಾನು ಆತನಿಗೆ "ಬನ್ನಿ ಅಣ್ಣ, ರಿಜಿಸ್ಟರಿನಲ್ಲಿ ವಿಳಾಸ ಬರೆಸಿ" ಎಂದು ಆಚೆ ಕರೆದುಕೊಂಡು ಹೋದೆ. ಒಳಗೆ ಮಾತು ಶುರುವಾದದ್ದು ಆಮೇಲೆ. ಅಂದಿನಿಂದ ಎಲ್ಲರಿಗೂ ಒಂದೇ ನಿಯಮ: ಮೊದಲ ಐದು ನಿಮಿಷ ಕೇಸಿನವರು ಒಬ್ಬರೇ. ನಡೆಯಲಾಗದವರು, ಕಿವಿ ಕೇಳದವರು ಬಂದರೆ ಅವರೇ ಬೇಕೆಂದವರನ್ನು ಜೊತೆಗೆ ಕೂರಿಸಿ.

ನಿಮ್ಮ ಬಾಯಿಂದ ಏನು ಬರಬಹುದು, ಏನು ಬರಬಾರದು

ನಾವು ಹೆಚ್ಚು ಸಲ ಎಡವಿದ್ದು ಇಲ್ಲೇ. ಊರವರು ನಿಮ್ಮನ್ನು ನಂಬುತ್ತಾರೆ. "ನೀವೇ ಹೇಳಿ ಸಾರ್, ಇದು ಗೆಲ್ಲತ್ತಾ?" ಎನ್ನುತ್ತಾರೆ. ಹೇಳಬೇಡಿ. ವಕೀಲಿಕೆ ಮಾಡಲು ಅಧಿಕಾರ ಇರುವುದು 1961ರ ವಕೀಲರ ಕಾಯ್ದೆಯಡಿ ನೋಂದಾಯಿಸಿಕೊಂಡವರಿಗೆ ಮಾತ್ರ. ಕಾನೂನಿನ ಮಾತು ಬದಿಗಿರಲಿ, ನೀವು ಹೇಳಿದ ಒಂದು ಮಾತು ನಂಬಿ ಯಾರೋ ಗಡುವು ದಾಟಿಸಿಕೊಂಡರೆ ಆ ಊರಿನಲ್ಲಿ ನೀವು ಮುಖ ಎತ್ತಿ ಓಡಾಡುವುದು ಹೇಗೆ?

ಗೆರೆ ಎಲ್ಲಿದೆ ಎಂದರೆ, ಕಾಗದದ ಮೇಲೆ ಏನು ಬರೆದಿದೆ ಎಂದು ಓದಿ ಹೇಳಬಹುದು. ಅದಕ್ಕೆ ಏನು ಮಾಡಬೇಕು ಎಂದು ಹೇಳಬಾರದು. "ಇದರಲ್ಲಿ 14ನೇ ತಾರೀಕು ಬೆಳಿಗ್ಗೆ 11ಕ್ಕೆ ಬರಬೇಕು ಅಂತಿದೆ" ಎನ್ನಬಹುದು. "ಮೊದಲ ವಾಯಿದೆಗೆ ಹೋಗದಿದ್ದರೂ ನಡೆಯುತ್ತೆ" ಎನ್ನಬಾರದು. "ಉಚಿತ ನೆರವಿನ ಅರ್ಜಿ ಇಲ್ಲಿದೆ" ಸರಿ. "ರಾಜಿ ಮಾಡಿಕೊಂಡುಬಿಡಿ" ತಪ್ಪು. ಅರ್ಜಿ ತುಂಬುವಾಗ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ, ನಿಮ್ಮ ಜಾಣತನ ಸೇರಿಸಬೇಡಿ.

ಇನ್ನೊಂದು ವಿಷಯ ನನಗೆ ವಕೀಲರೊಬ್ಬರು ಹೇಳುವವರೆಗೂ ಹೊಳೆದಿರಲಿಲ್ಲ. ಕಕ್ಷಿದಾರ ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ವಕೀಲರು, ಅವರ ಗುಮಾಸ್ತರು, ದುಭಾಷಿಗಳು ಆ ಮಾತನ್ನು ಹೊರಗೆಡಹುವಂತಿಲ್ಲ. ಲೈಬ್ರರಿಯವರಿಗೆ ಆ ರಕ್ಷಣೆ ಇಲ್ಲ. ಯಾರೋ ಬಂದು "ಹೌದು, ನಾನೇ ಹೊಡೆದೆ" ಎಂದು ನಿಮ್ಮ ಮುಂದೆ ಅಂದರೆ, ನಾಳೆ ನಿಮ್ಮನ್ನೇ ಸಾಕ್ಷಿಗೆ ಕರೆಯಬಹುದು. ಹಾಗಾಗಿ ಕಥೆ ಶುರುವಾಗುತ್ತಿದ್ದಂತೆ ತಡೆಯಿರಿ. "ಅದನ್ನೆಲ್ಲ ಒಳಗೆ ವಕೀಲರಿಗೆ ಹೇಳಿ, ನನಗೆ ಕಾಗದ ಮಾತ್ರ ತೋರಿಸಿ." ಮೊದಮೊದಲು ಒರಟು ಅನಿಸುತ್ತದೆ. ಆದರೂ ಹೇಳಲೇಬೇಕು.

ಕಾಗದ ಓದುವುದನ್ನು ಕಲಿಯಿರಿ

ನಿಮ್ಮಿಂದ ಆಗುವ ದೊಡ್ಡ ಉಪಕಾರ ಇದೇ. ಕೋರ್ಟಿನ ಕಾಗದ ಕೈಗೆ ಬಂದರೆ ನಾಲ್ಕು ವಿಷಯ ಹುಡುಕಿ: ಯಾವ ಕೋರ್ಟು, ಕೇಸ್ ನಂಬರ್ ಏನು, ಇವರು ವಾದಿಯೋ ಪ್ರತಿವಾದಿಯೋ, ಮುಂದಿನ ತಾರೀಕು ಯಾವುದು. ಕೊನೆಯದನ್ನು ಪೆನ್ಸಿಲ್ಲಿನಿಂದಲೂ ಸುತ್ತು ಹಾಕಬೇಡಿ. ಮೂಲ ಕಾಗದದ ಮೇಲೆ ಏನೂ ಬರೆಯಬಾರದು. ಜೆರಾಕ್ಸ್ ಮಾಡಿಸಿ ಅದರ ಮೇಲೆ ಗುರುತು ಹಾಕಿ.

ನಂಬರಿನ ಮುಂದಿನ ಅಕ್ಷರಗಳೇ ಕೇಸಿನ ಜಾತಕ. ಓ.ಎಸ್. ಎಂದಿದ್ದರೆ ಸಿವಿಲ್ ದಾವೆ, ಜಮೀನು, ಭಾಗ, ಸಾಲದಂಥದ್ದು. ಸಿ.ಸಿ. ಎಂದರೆ ಕ್ರಿಮಿನಲ್ ಕೇಸು. ಚೆಕ್ ಬೌನ್ಸ್ ಕೂಡ ಇದರಲ್ಲೇ ಬರುತ್ತದೆ. ಎಂ.ವಿ.ಸಿ. ವಾಹನ ಅಪಘಾತದ ಪರಿಹಾರ. ಎಂ.ಸಿ. ಗಂಡ ಹೆಂಡತಿಯದು. ಕ್ರಿ.ಮಿಸ್. ಎಂದರೆ ಹೆಚ್ಚಾಗಿ ಜೀವನಾಂಶ, ಕೌಟುಂಬಿಕ ದೌರ್ಜನ್ಯ ಅಥವಾ ಜಾಮೀನಿನ ಅರ್ಜಿ. ಎಕ್ಸ್. ಎಂದು ಕಂಡರೆ ಎಚ್ಚರ. ಅದು ಅಮಲ್ಜಾರಿ ಅರ್ಜಿ. ಅಂದರೆ ಕೇಸು ಆಗಲೇ ಮುಗಿದಿದೆ, ಈಗ ತೀರ್ಪನ್ನು ಜಾರಿ ಮಾಡಲು ಬಂದಿದ್ದಾರೆ.

ಯಾರನ್ನು ಮೊದಲು ಒಳಗೆ ಕಳಿಸಬೇಕೆಂದು ತಿಳಿಯಲು ಗಡುವುಗಳ ಅಂದಾಜು ಬೇಕು. ಸಲಹೆ ಕೊಡಲಿಕ್ಕಲ್ಲ, ಸರದಿ ಹಾಕಲಿಕ್ಕೆ. ಸಿವಿಲ್ ದಾವೆಯಲ್ಲಿ ಸಮನ್ಸ್ ತಲುಪಿ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ಪ್ರತಿವಾದಿಯ ಉತ್ತರ, ಹಾಕಬೇಕು. ನ್ಯಾಯಾಲಯ ಕಾರಣ ಬರೆದು 90 ದಿನದವರೆಗೆ ಅವಕಾಶ ಕೊಡಬಹುದು. ಗೈರು ಇದ್ದಾಗ ಆದ ಎಕ್ಸ್‌ಪಾರ್ಟಿ ಡಿಕ್ರಿಯನ್ನು, ಅಂದರೆ ಏಕಪಕ್ಷೀಯ ತೀರ್ಪನ್ನು, ತೆಗೆಸಲು ಗಡುವು 30 ದಿನ. ಸಮನ್ಸ್ ಸರಿಯಾಗಿ ತಲುಪಿಯೇ ಇರದಿದ್ದರೆ ಆ ದಿನಗಳ ಲೆಕ್ಕ ಡಿಕ್ರಿ ವಿಷಯ ತಿಳಿದಂದಿನಿಂದ. ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು 30 ದಿನ, ಹೈಕೋರ್ಟಿಗೆ 90 ದಿನ. ಚೆಕ್ ಬೌನ್ಸಿನ ಲಾಯರ್ ನೋಟಿಸ್ ಬಂದಿದ್ದರೆ ದುಡ್ಡು ಕಟ್ಟಲು ಇರುವುದು 15 ದಿನ, ಆಮೇಲೆ ಎದುರಿನವರು ಕೋರ್ಟಿಗೆ ಹೋಗಬಹುದು. ಗ್ರಾಹಕ ಆಯೋಗದಿಂದ ನೋಟಿಸ್ ಬಂದವರಿಗೆ ಉತ್ತರಕ್ಕೆ 30 ದಿನ, ಕೇಳಿಕೊಂಡರೆ ಇನ್ನು 15.

ಇನ್ನು ಕೆಲವಕ್ಕೆ ತಿಂಗಳ ಮೇಜಿನವರೆಗೆ ಕಾಯುವಂತೆಯೇ ಇಲ್ಲ. ಜಾಮೀನುರಹಿತ ವಾರಂಟ್, ನಾಳೆ ಅಥವಾ ನಾಡಿದ್ದಿನ ವಾಯಿದೆ, ಮನೆ ಖಾಲಿ ಮಾಡಿಸುವ ಅಥವಾ ಹರಾಜಿನ ನೋಟಿಸ್, ಮನೆಯಲ್ಲಿ ಹೊಡೆತ. ಇವಕ್ಕೆ ಅಂದೇ ಸಮಿತಿಗೆ ಫೋನ್ ಮಾಡಿ. ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ 15100. ಹೆಣ್ಣುಮಕ್ಕಳ ಸಹಾಯವಾಣಿ 181. ಜೀವಕ್ಕೆ ಅಪಾಯ ಎಂದರೆ 112. ಯಾರನ್ನಾದರೂ ಪೊಲೀಸರು ಹಿಡಿದುಕೊಂಡು ಹೋಗಿದ್ದರೆ ಠಾಣೆಯ ಹಂತದಲ್ಲೂ ಉಚಿತ ವಕೀಲರನ್ನು ಕೇಳಬಹುದು, ಚಾರ್ಜ್‌ಶೀಟ್ ಆಗುವವರೆಗೆ ಕಾಯಬೇಕಾಗಿಲ್ಲ.

ತಾರೀಕು ಕಾಗದದಲ್ಲಿ ಕಳೆದುಹೋಗಿದ್ದರೆ ಅಥವಾ ಕಾಗದವೇ ಕಳೆದಿದ್ದರೆ ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್ ತೆಗೆಯಿರಿ. ಪ್ರತಿ ಕೇಸಿಗೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಸಂಖ್ಯೆ ಇದೆ. ನಮ್ಮ ರಾಜ್ಯದ್ದು 'ಕೆಎ' ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಅದು ಗೊತ್ತಿದ್ದರೆ ಕೇಸಿನ ಹಿಂದು ಮುಂದು ಎಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಜಿಲ್ಲೆ, ಕೋರ್ಟು, ವರ್ಷ ಹಾಕಿ ಹೆಸರಿನಿಂದ ಹುಡುಕಬೇಕು. ಇಲ್ಲೊಂದು ಉಪಾಯ ಇದೆ. ಇಂಗ್ಲಿಷಿನಲ್ಲಿ ನಮ್ಮ ಹೆಸರುಗಳಿಗೆ ಹತ್ತು ಬಗೆಯ ಕಾಗುಣಿತ. ಮಂಜುನಾಥ ಎಂದು ಪೂರ್ತಿ ಹೊಡೆದರೆ ಸಿಗದೇ ಹೋಗಬಹುದು, 'ಮಂಜು' ಎಂದಷ್ಟೇ ಹೊಡೆದರೆ ಪಟ್ಟಿ ಬರುತ್ತದೆ, ಅದರಲ್ಲಿ ಎದುರಾಳಿಯ ಹೆಸರು ನೋಡಿ ಗುರುತು ಹಿಡಿಯಿರಿ. ಎರಡೂ ಕಡೆಯವರ ಹೆಸರಿನಿಂದ ಹುಡುಕಿ. ತಹಶೀಲ್ದಾರ್, ಎ.ಸಿ., ಡಿ.ಸಿ. ಮುಂದಿನ ಪಹಣಿ ತಿದ್ದುಪಡಿಯಂಥ ಕೇಸುಗಳು ಇದರಲ್ಲಿ ಸಿಗುವುದಿಲ್ಲ. ಅವಕ್ಕೆ ಕಂದಾಯ ಇಲಾಖೆಯ ಬೇರೆ ವೆಬ್‌ಸೈಟ್ ಇದೆ, ಆರ್‌ಸಿಸಿಎಂಎಸ್ ಎಂದು.

ಈಚೆಗೆ ಮೊಬೈಲಿಗೆ ಬರುವ ಸುಳ್ಳು ನೋಟಿಸುಗಳೂ ಜಾಸ್ತಿ. ಸೀಲು, ಸಿಂಹದ ಲಾಂಛನ ಎಲ್ಲ ಇರುತ್ತದೆ. "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ದುಡ್ಡು ಹಾಕಿ" ಎನ್ನುತ್ತಾರೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಹಾಗೆಂದು ಮೊಬೈಲಿಗೆ ಬಂದದ್ದೆಲ್ಲ ಸುಳ್ಳು ಎಂದು ಬಿಸಾಡಲೂಬಾರದು, ಈಗ ಕೋರ್ಟುಗಳು ಎಲೆಕ್ಟ್ರಾನಿಕ್ ರೂಪದಲ್ಲೂ ಸಮನ್ಸ್ ಕಳಿಸಬಹುದು. ಅದರಲ್ಲಿರುವ ಕೇಸ್ ನಂಬರನ್ನು ಇ-ಕೋರ್ಟ್ಸ್‌ನಲ್ಲಿ ಹುಡುಕಿ, ಸಮಿತಿಯಲ್ಲೂ ಕೇಳಿ. ಆಗಲೇ ದುಡ್ಡು ಹಾಕಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಮೇಜಿನ ದಿನ

ಹಿಂದಿನ ವಾರವೇ ಹೆಸರು ಬರೆದುಕೊಳ್ಳಿ. ಮೂರು ಗಂಟೆಗೆ ಒಂಬತ್ತು ಜನ ಸಾಕು, ತಲೆಗೆ ಇಪ್ಪತ್ತು ನಿಮಿಷ. ಹೆಸರು ಬರೆಯುವಾಗ ಕೇಸಿನ ವಿವರ ಕೇಳಬೇಡಿ, ಎದುರಾಳಿಯ ಹೆಸರು ಮಾತ್ರ ಕೇಳಿ.

ಎದುರಾಳಿಯ ಹೆಸರು ಯಾಕೆ? ಊರು ಚಿಕ್ಕದು. ಬೆಳಿಗ್ಗೆ ಅಣ್ಣ ಬಂದು ಹೋಗಿರುತ್ತಾನೆ, ಮಧ್ಯಾಹ್ನ ತಮ್ಮ ಬರುತ್ತಾನೆ. ಒಂದೇ ವಕೀಲರು ಇಬ್ಬರ ಗುಟ್ಟನ್ನೂ ಕೇಳಿದರೆ ಇಬ್ಬರಿಗೂ ಅನ್ಯಾಯ. ಪಟ್ಟಿಯಲ್ಲಿ ಅಂಥ ಜೋಡಿ ಕಂಡರೆ ವಕೀಲರಿಗೆ ತಿಳಿಸಿ. ಎರಡನೆಯವರಿಗೆ ಬೇರೆ ವಕೀಲರನ್ನು ಸಮಿತಿಯಲ್ಲಿ ಕೇಳಿಕೊಳ್ಳಿ. "ನಿಮ್ಮ ತಮ್ಮ ಬಂದಿದ್ದ" ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಬೇಡಿ. "ಈ ಸಲ ಸರದಿ ತುಂಬಿದೆ, ಬೇರೆ ವಕೀಲರಿಗೆ ಗೊತ್ತು ಮಾಡುತ್ತೇವೆ" ಎಂದರೆ ಸಾಕು.

ಬಂದವರನ್ನು ಮೊದಲು ಹೊರಗಿನ ಮೇಜಿನಲ್ಲಿ ಕೂರಿಸಿ ಕವರಿನ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಹಳೆಯದು ಕೆಳಗೆ, ಹೊಸದು ಮೇಲೆ. ಕೋರ್ಟಿನದು ಬೇರೆ, ಪಹಣಿ ಪತ್ರಗಳು ಬೇರೆ, ಗುರುತಿನ ಚೀಟಿ ಬೇರೆ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಒಳಗೆ ವಕೀಲರ ಹದಿನೈದು ನಿಮಿಷ ಉಳಿಸುತ್ತದೆ. ಪಹಣಿ ಬೇಕಾದರೆ ಭೂಮಿ ವೆಬ್‌ಸೈಟಿನಿಂದ, ಋಣಭಾರ ಪತ್ರ (ಇ.ಸಿ.) ಬೇಕಾದರೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಿಂದ ಪಡೆಯುವುದನ್ನು ಅಲ್ಲೇ ತೋರಿಸಿಕೊಡಿ.

ಅವರಿಂದ ಮೂರು ಪ್ರಶ್ನೆ ಒಂದು ಚೀಟಿಯಲ್ಲಿ ಬರೆಸಿ. ಗಾಬರಿಯಲ್ಲಿ ಒಳಗೆ ಹೋದವರು ಹತ್ತು ವರ್ಷದ ಹಿಂದಿನ ಜಗಳದಿಂದ ಶುರು ಮಾಡುತ್ತಾರೆ, ಕೇಳಬೇಕಾದದ್ದು ಬಾಗಿಲು ದಾಟಿದ ಮೇಲೆ ನೆನಪಾಗುತ್ತದೆ. ಒಳಗೆ ಹೋಗಿ ಬಂದ ಮೇಲೆ ಅದೇ ಚೀಟಿಯ ಹಿಂದೆ ವಕೀಲರ ಕೈಬರಹದಲ್ಲಿ ಎರಡು ಸಾಲು ಇರಬೇಕು: ಮುಂದೆ ಏನು ಮಾಡಬೇಕು, ಯಾವ ತಾರೀಕಿನೊಳಗೆ. ಇದನ್ನು ವಕೀಲರಿಗೆ ಮೊದಲೇ ಹೇಳಿಡಿ. ಅವರು ವಿಸಿಟಿಂಗ್ ಕಾರ್ಡ್ ಹಂಚುವುದು, "ನನ್ನ ಆಫೀಸಿಗೆ ಬನ್ನಿ" ಎನ್ನುವುದು ಬೇಡ ಎಂಬುದನ್ನೂ ಸಮಿತಿಯ ಮೂಲಕವೇ ತಿಳಿಸಿಬಿಡಿ. ನೇರವಾಗಿ ಹೇಳಲು ಸಂಕೋಚ ಆಗುತ್ತೆ, ಅಲ್ವಾ?

ವಕೀಲರನ್ನು ಕೇಳಿ ಅರ್ಜಿ ಹಾಕುವುದು

ಸಲಹೆಯಿಂದ ಮುಗಿಯದ ಕೇಸುಗಳಿಗೆ ವಕೀಲರ ನೇಮಕ ಬೇಕು. ಅರ್ಜಿ ನಮೂನೆ ಸಮಿತಿಯಲ್ಲಿ ಸಿಗುತ್ತದೆ, ಇಪ್ಪತ್ತು ಪ್ರತಿ ತಂದಿಟ್ಟುಕೊಳ್ಳಿ. ಕನ್ನಡದಲ್ಲೇ ತುಂಬಬಹುದು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಸಮಿತಿಯವರು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರೂ ಅದು ಅರ್ಜಿಯೇ. ಜೊತೆಗೆ ಆಧಾರ್ ನಕಲು, ಕೇಸಿನ ಕಾಗದದ ನಕಲು, ಅನ್ವಯಿಸುವವರಿಗೆ ಜಾತಿ ಅಥವಾ ಅಂಗವಿಕಲತೆಯ ಪ್ರಮಾಣಪತ್ರ.

ಆದಾಯ ಪ್ರಮಾಣಪತ್ರ ಇಲ್ಲವೆಂದು ಯಾರನ್ನೂ ವಾಪಸ್ ಕಳಿಸಬೇಡಿ. ಆದಾಯದ ಬಗ್ಗೆ ಅರ್ಜಿದಾರರು ಕೊಡುವ ಅಫಿಡವಿಟ್ಟೇ ಸಾಕಾಗಬಹುದು ಎಂದು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಪ್ರಮಾಣಪತ್ರ ಇದ್ದರೆ ಕೆಲಸ ಸಲೀಸು, ಅಷ್ಟೇ. ನಿಯಮದ ಪ್ರಕಾರ ಅರ್ಜಿ ಮೇಲೆ ಏಳು ದಿನದೊಳಗೆ ತೀರ್ಮಾನ ಆಗಬೇಕು. ಆದ್ದರಿಂದ ಅರ್ಜಿ ಕೊಟ್ಟ ದಿನದ ಸ್ವೀಕೃತಿ ಸೀಲು ಹಾಕಿಸಿಕೊಂಡ ಪ್ರತಿ ಅರ್ಜಿದಾರರ ಕವರಿನಲ್ಲಿ ಇರಲೇಬೇಕು. ನಿರಾಕರಿಸಿದರೆ ಮೇಲ್ಮನವಿಗೂ ದಾರಿಯಿದೆ. ನೇಮಕವಾದ ವಕೀಲರು ಫೋನ್ ಎತ್ತುವುದೇ ಇಲ್ಲ, ಕೇಸಿಗೆ ಹೋಗುವುದೇ ಇಲ್ಲ, ದುಡ್ಡು ಕೇಳುತ್ತಾರೆ ಎಂದಾದರೆ ಸಮಿತಿಗೆ ಬರೆದು ಬದಲಾಯಿಸಿ ಎಂದು ಕೇಳಬಹುದು. ತಾರೀಕು ಸಮೇತ ಬರೆದುಕೊಡಿ. ಸುಮ್ನೆ "ಸರಿಯಿಲ್ಲ" ಎಂದರೆ ಯಾರೂ ಏನೂ ಮಾಡಲಾಗುವುದಿಲ್ಲ.

ಕೆಲವು ಕೇಸುಗಳನ್ನು ವಕೀಲರು ಲೋಕ ಅದಾಲತ್ತಿಗೆ, ಅಂದರೆ ರಾಜಿಯಲ್ಲಿ ಕೇಸು ಮುಗಿಸುವ ಜನತಾ ನ್ಯಾಯಾಲಯಕ್ಕೆ, ಕಳಿಸೋಣ ಎನ್ನುತ್ತಾರೆ. ಶುಲ್ಕವಿಲ್ಲ, ಕೋರ್ಟಿನಲ್ಲಿ ಬಾಕಿ ಇದ್ದ ಕೇಸು ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಚೆಕ್ ಕೇಸು, ಅಪಘಾತ ಪರಿಹಾರಕ್ಕೆಲ್ಲ ಒಳ್ಳೆಯ ದಾರಿ. ಆದರೆ ಅಲ್ಲಿ ಸಹಿ ಹಾಕಿದ ಮೇಲೆ ಅಪೀಲು ಇಲ್ಲ. ಭಾಗದ ಕೇಸಿನಲ್ಲಿ ಅಕ್ಕತಂಗಿಯರಿಗೆ "ಒಂದು ಸಹಿ ಅಷ್ಟೇ" ಎಂದು ಹಾಕಿಸಿಕೊಳ್ಳುವುದನ್ನು ನೋಡಿದ್ದೇನೆ. ಸಹಿ ಮಾಡುವ ಮುನ್ನ ಪೂರ್ತಿ ಓದಿಸಿ ಕೇಳಿಸಿಕೊಳ್ಳಬೇಕು ಎಂದು ಎಲ್ಲರಿಗೂ ಹೇಳಿ. ಇದು ಸಲಹೆಯೂ ಅಲ್ಲ, ವಕೀಲಿಕೆಯೂ ಅಲ್ಲ.

ಊರಿಗೆ ತಿಳಿಸುವುದು

"ಕಾನೂನು ಅರಿವು ಶಿಬಿರ" ಎಂದು ಬೋರ್ಡ್ ಹಾಕಿದರೆ ಭಾಷಣ ಎಂದುಕೊಂಡು ಯಾರೂ ಬರುವುದಿಲ್ಲ. ನಾವು ಹೀಗೆ ಬರೆದೆವು: "ಕೋರ್ಟಿನಿಂದ ಕಾಗದ ಬಂದಿದೆಯಾ? ಎರಡನೇ ಶನಿವಾರ ಲೈಬ್ರರಿಗೆ ವಕೀಲರು ಬರುತ್ತಾರೆ. ದುಡ್ಡಿಲ್ಲ. ಕಾಗದ ತನ್ನಿ." ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಬಸ್‌ಸ್ಟ್ಯಾಂಡ್, ಈ ಮೂರು ಕಡೆ ಅಂಟಿಸಿದರೆ ಊರೆಲ್ಲ ಮುಟ್ಟಿದ ಹಾಗೆ. ಪಂಚಾಯಿತಿಯ ಕಸದ ಗಾಡಿಯ ಮೈಕಿನಲ್ಲೂ ಹೇಳಿಸಿ. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿಯವರಿಗೆ ಮರೆಯದೆ ತಿಳಿಸಿ. ಬೋರ್ಡ್ ಓದಿ ಬರುವುದು ಗಂಡಸರು. ಹೆಂಗಸರು ಬರುವುದು ಇವರ ಮಾತು ಕೇಳಿ.

ರಿಜಿಸ್ಟರಿನಲ್ಲಿ ಏನಿರಬೇಕು

ಆದಷ್ಟು ಕಡಿಮೆ. ಹೆಸರು, ಫೋನ್, ಕೇಸ್ ನಂಬರ್, ಮುಂದಿನ ವಾಯಿದೆ. ಜಗಳ ಏನು, ಯಾರ ಮೇಲೆ ಯಾವ ಆರೋಪ, ಒಳಗೆ ಏನು ಮಾತಾಯಿತು, ಇವು ಯಾವುದೂ ಬೇಡ. ಎದುರಾಳಿಯ ಹೆಸರಿನ ಪಟ್ಟಿ ವಕೀಲರ ಕೈಗೆ ಹೋಗಲಿ, ನಿಮ್ಮ ಹತ್ತಿರ ಉಳಿಯಬಾರದು. ರಿಜಿಸ್ಟರ್ ಬೀರುವಿನಲ್ಲಿ ಬೀಗ ಹಾಕಿಡಿ. ಜೆರಾಕ್ಸ್ ತೆಗೆದ ಮೇಲೆ ಗಾಜಿನ ಮೇಲೆ ಮೂಲ ಕಾಗದ ಮರೆತಿರುತ್ತಾರೆ, ದಿನದ ಕೊನೆಗೆ ಮುಚ್ಚಳ ಎತ್ತಿ ನೋಡಿ. ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿ. ನಮ್ಮಲ್ಲಿ ಒಮ್ಮೆ ಯಾರದೋ ವಿಚ್ಛೇದನದ ಅರ್ಜಿ ಅಲ್ಲೇ ಉಳಿದುಬಿಟ್ಟಿತ್ತು. ಮರುದಿನ ಹೋಂವರ್ಕ್ ಪ್ರಿಂಟ್ ತೆಗೆಯಲು ಬಂದ ಹುಡುಗ "ಸಾರ್, ಇದು ಯಾರದು?" ಎಂದು ಕೇಳಿದ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮುಂದಿನ ವಾಯಿದೆಯ ಹಿಂದಿನ ಸಂಜೆ ಒಂದು ಫೋನ್ ಮಾಡಿ. ಅಷ್ಟೇ ಮಾತು: "ನಾಳೆ ನಿಮ್ಮ ತಾರೀಕು." ಅದಕ್ಕೆ ಮುಂಚೆ ಇ-ಕೋರ್ಟ್ಸ್‌ನಲ್ಲಿ ತಾರೀಕು ಬದಲಾಗಿದೆಯಾ ನೋಡಿಕೊಳ್ಳಿ.

ಗೊಬ್ಬರದಂಗಡಿ ಕವರಿನವರನ್ನು ಅಷ್ಟರಲ್ಲಿ ಎಕ್ಸ್‌ಪಾರ್ಟಿ ಎಂದು ಬರೆದಿದ್ದರು, ತೀರ್ಪು ಮಾತ್ರ ಆಗಿರಲಿಲ್ಲ. ಸಮಿತಿ ಕೊಟ್ಟ ವಕೀಲರು ಅರ್ಜಿ ಹಾಕಿ ಅದನ್ನು ತೆಗೆಸಿದರು. ಕೇಸು ಇನ್ನೂ ನಡೆಯುತ್ತಿದೆ. ಈಗ ಅವರ ಕಾಗದಗಳು ಗುಂಡಿ ಇರುವ ನೀಲಿ ಫೈಲಿನಲ್ಲಿವೆ. ಹಿಂದಿನ ಸಂಜೆ ನಾನು ಫೋನ್ ಮಾಡಿದರೆ, "ಗೊತ್ತಪ್ಪ, ಕ್ಯಾಲೆಂಡರಿನಲ್ಲಿ ಬರೆದಿದೀನಿ" ಎನ್ನುತ್ತಾರೆ.